ಅಪ್ಪನ ಕೊಲೆ ಹನ್ನೊಂದನೆಯ ಫಾರಂನಲ್ಲಿ

ಮಾರ್ಚ್ ಹನ್ನೊಂದನೆಯ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ. ಪ್ರೆಸ್ಸಿನ ಹಿಂಕೋಣೆಯಲ್ಲಿ ಬೈಂಡರನ ಮುಂದೆ ಎಪ್ಪತ್ತೆರಡು ಪುಸ್ತಕಗಳಿದ್ದವು. ಎಪ್ಪತ್ತೆರಡೂ ತಪ್ಪಾಗಿದ್ದವು.

ಅದೊಂದು ಕ್ರೈಂ ಥ್ರಿಲ್ಲರ್. ಹದಿನಾರು ಪುಟಗಳ ಒಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಹನ್ನೆರಡು ಫಾರಂಗಳನ್ನು ಕ್ರಮವಾಗಿ ಜೋಡಿಸಿ ಹೊಲಿಯುವುದು ಬೈಂಡರನ ಕೆಲಸ. ಮೂರನೆಯ ಫಾರಂನಲ್ಲಿ ತಂದೆಯ ಕೊಲೆಯಾಗಬೇಕು, ಹನ್ನೊಂದನೆಯದರಲ್ಲಿ ಮಗ ಕೊಲೆಗಾರನನ್ನು ಮುಗಿಸಬೇಕು. ಹತ್ತೊಂಬತ್ತು ವರ್ಷ ಒಂದೂ ತಪ್ಪು ಮಾಡದ ಬೈಂಡರ್ ಈ ಸಲ ಇವೆರಡನ್ನೂ ಅದಲುಬದಲು ಮಾಡಿದ್ದ. ಹೀಗಾಗಿ ಮಗನು ಮೊದಲು ಸೇಡು ತೀರಿಸಿಕೊಂಡು, ನೂರಿಪ್ಪತ್ತೆಂಟು ಪುಟಗಳ ನಂತರ ತಂದೆಯನ್ನು ಕಳೆದುಕೊಳ್ಳುತ್ತಿದ್ದ.

ಲೇಖಕರು ಬಂದು ಕೂಗಾಡಿ ಹೋಗಿದ್ದರು. ಮಾಲೀಕರು ಕೂಗಾಡಲಿಲ್ಲ.

“ಇನ್ನೂರ ಇಪ್ಪತ್ತೆಂಟು ಆಗ್ಲೇ ಅಂಗಡಿಗಳಿಗೆ ಹೋಗಿದೆ. ಅದನ್ನ ದೇವರು ನೋಡ್ಕೊಳ್ಳಲಿ. ಇದಿಷ್ಟನ್ನ ಸಂಜೆ ಆರರೊಳಗೆ ಸರಿಮಾಡು. ಆಯ್ತು, ನಾಳೆ ರಜೆ. ಆಗ್ಲಿಲ್ಲ, ರಜೆ ಇಲ್ಲ.”

ನಾಳೆ ಬೈಂಡರನ ತಂದೆಗೆ ಕಣ್ಣಿನ ಆಪರೇಷನ್. ಜೊತೆಗೊಬ್ಬರು ಇಲ್ಲದೆ ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ. ಮಗನಿಗೆ ರಜೆ ಸಿಗದೆ ಅದು ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು.

ಒಂಬತ್ತು ಗಂಟೆಗಳಲ್ಲಿ ಎಪ್ಪತ್ತೆರಡು. ಒಂದಕ್ಕೆ ಏಳೂವರೆ ನಿಮಿಷ. ಈ ಲೆಕ್ಕದಲ್ಲಿ ಊಟಕ್ಕೆ ಜಾಗವಿರಲಿಲ್ಲ. ಸಹೋದ್ಯೋಗಿಗಳಿಗೂ ಇರಲಿಲ್ಲ, ಆದರೆ ಅವರು ಬಂದರು.

ಮೊದಲು ಬಂದವನು ಮೆಷಿನ್ ನಡೆಸುವವನು. “ಏನಣ್ಣಾ, ಅಪ್ಪ ಸಾಯೋಕ್ಮುಂಚೇನೇ ಸೇಡು? ಮುಂಗಡ ಬುಕಿಂಗಾ?” ಎನ್ನುತ್ತ, ಸರಿಮಾಡಿಟ್ಟ ಪುಸ್ತಕಗಳ ಮೇಲೆಯೇ ಕುಳಿತ.

“ಏಳಪ್ಪಾ, ಗೋಂದು ಇನ್ನೂ ಒಣಗಿಲ್ಲ.”

ಆತ ಎದ್ದಾಗ ಒಂದು ಪುಸ್ತಕವೂ ಅವನೊಂದಿಗೆ ಎದ್ದಿತು.

ಅನಂತರ ಪ್ರೂಫ್ ನೋಡುವ ಮೇಷ್ಟ್ರು ಬಂದರು. ಸಹಾಯ ಮಾಡುತ್ತೇನೆಂದು ಫಾರಂಗಳನ್ನು ಕೈಗೆತ್ತಿಕೊಂಡು ಓದುತ್ತ ನಿಂತರು.

“ಕೊಲೆ ಚೆನ್ನಾಗಿದೆ ಕಣಯ್ಯ. ಆದ್ರೆ ಕೊಂದವನಿಗೆ ಕಾರಣ ಸಾಲದು.”

“ನನಗೆ ಕಾರಣ ಇದೆ ಮೇಷ್ಟ್ರೇ. ಆ ಫಾರಂ ಕೊಡಿ.”

ಮೂರು ಗಂಟೆಗೆ ಮೇಷ್ಟ್ರ ಸಹಾಯದ ಫಲ ತಿಳಿಯಿತು: ಅವರು ಹಿಂದಿರುಗಿಸಿದ ಕಟ್ಟಿನಿಂದ ಹೊಲಿದ ಒಂಬತ್ತು ಪುಸ್ತಕಗಳಲ್ಲಿ ಹನ್ನೊಂದನೆಯ ಫಾರಂ ತಲೆಕೆಳಗು. ಕೊಲೆಗಾರನು ಬಾವಲಿಯಂತೆ ಜೋತುಬಿದ್ದು ಪ್ರಾಣ ಬಿಡುತ್ತಿದ್ದ. ಬೈಂಡರ್ ಒಂಬತ್ತನ್ನೂ ಮತ್ತೆ ಬಿಚ್ಚಿದ. ಸೂಜಿ ಎರಡು ಸಲ ಹೆಬ್ಬೆರಳಿಗೆ ಇಳಿಯಿತು. ಬೆನ್ನು ಹಳೆಯ ರಟ್ಟಿನಂತೆ ಬಾಗಿತು. ಆರಕ್ಕೆ ಎರಡು ನಿಮಿಷವಿರುವಾಗ ಕೊನೆಯ ಪುಸ್ತಕ ಮುಗಿಯಿತು.

ಆರೂ ಹತ್ತಕ್ಕೆ ಲೇಖಕರು ಸಂಜೆಪತ್ರಿಕೆ ಹಿಡಿದು ಓಡಿಬಂದರು. ಹಿಂದೆಯೇ ಮಾಲೀಕರು.

“ಎಲ್ಲಿ, ಆ ತಪ್ಪಿನ ಪ್ರತಿಗಳು?” ಎಂದರು ಲೇಖಕರು.

“ಒಂದೂ ಉಳಿದಿಲ್ಲ ಸಾರ್. ಎಲ್ಲಾ ಸರಿಮಾಡಿದೀನಿ.”

ಲೇಖಕರು ಸ್ಟೂಲಿನ ಮೇಲೆ ಕುಸಿದರು. ಮಾಲೀಕರು ಪತ್ರಿಕೆ ತೆಗೆದುಕೊಂಡು ವಿಮರ್ಶೆಯನ್ನು ಓದಿದರು: “‘ಶಿಕ್ಷೆಯನ್ನು ಅಪರಾಧಕ್ಕಿಂತ ಮೊದಲೇ ಇರಿಸಿದ ಧೈರ್ಯಕ್ಕೆ ಸಾಟಿಯಿಲ್ಲ. ನೇರ ಕ್ರಮದಲ್ಲಿ ಹೇಳಿದ್ದರೆ ಇದು ರೈಲಿನಲ್ಲಿ ಓದಿ ಸೀಟಿನ ಮೇಲೆಯೇ ಬಿಟ್ಟಿಳಿಯುವ ಪುಸ್ತಕವಾಗುತ್ತಿತ್ತು.’ ಅಂಗಡಿಗಳಲ್ಲಿ ಇದ್ದದ್ದೆಲ್ಲ ಖಾಲಿ ಕಣಯ್ಯ. ನಾಳೆ ಮಧ್ಯಾಹ್ನಕ್ಕೆ ಈ ಎಪ್ಪತ್ತೆರಡೂ ಬೇಕಂತೆ. ಮೊದಲಿನ ಹಾಗೆ.”

“ಮೊದಲಿನದು ತಪ್ಪಲ್ವಾ ಸಾರ್?”

“ತಪ್ಪು ಅನ್ಬೇಡಿ,” ಎಂದರು ಲೇಖಕರು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿ. “ತಂತ್ರ ಅನ್ನಿ. ನನ್ನದು.”

“ನನ್ನ ರಜೆ?”

“ಈ ತಂತ್ರ ನಿನ್ನಷ್ಟು ಚೆನ್ನಾಗಿ ಬೇರೆ ಯಾರಿಗಯ್ಯ ಬರತ್ತೆ?” ಎಂದರು ಮಾಲೀಕರು.

ಬೈಂಡರ್ ಮನೆಗೆ ಫೋನ್ ಮಾಡಿದ.

“ಅಪ್ಪಾ, ನಾಳೆ ಆಗಲ್ಲ. ಒಂದು ಪುಸ್ತಕದ ಕೆಲಸ ಬಂದ್ಬಿಟ್ಟಿದೆ.”

“ಇರ್ಲಿ ಬಿಡು. ಏನು ಪುಸ್ತಕ?”

“ಅಪ್ಪನ್ನ ಕೊಂದೋನ ಮೇಲೆ ಮಗ ಸೇಡು ತೀರಿಸ್ಕೊಳ್ಳೋ ಕತೆ.”

“ಪುಣ್ಯವಂತ ಆ ಅಪ್ಪ,” ಎಂದರು ತಂದೆ. “ಅಂಥ ಮಗ ಸಿಗ್ಬೇಕು.”

ಬೈಂಡರ್ ಫೋನಿಟ್ಟು ಮೊದಲನೆಯ ಪುಸ್ತಕದ ದಾರ ಕತ್ತರಿಸಿದ. ಬಾಕಿ ಉಳಿದದ್ದು ಎಪ್ಪತ್ತೊಂದು ಪುಸ್ತಕ ಮತ್ತು ಒಂದು ದಿನದ ರಜೆ.