ಮಾವ ಮೂಸಿದ ಗೋಡೆ

ಶುಕ್ರಿಯ ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದು ಮೂರು ವರ್ಷವಾಗಿತ್ತು. ಅಲೆಕ್ಸಾಂಡ್ರಿಯದ ಕಡಲಂಚಿನಲ್ಲಿ ಬೂಷ್ಟಿಲ್ಲದ ಗೋಡೆ ಯಾರ ಮನೆಯಲ್ಲಿದೆ ಎಂದು ಅಂಚೆ ಕಚೇರಿಯ ಈ ಗುಮಾಸ್ತ ಅದರ ಜೊತೆ ಹೊಂದಿಕೊಂಡುಬಿಟ್ಟಿದ್ದ. ಆದರೆ ಇವತ್ತು ಇಳಿಹೊತ್ತಿನ ಅಸರ್ ನಮಾಜು ಮುಗಿಸಿಕೊಂಡು, ಅವನಿಗೆ ನಿಶ್ಚಯವಾದ ಹುಡುಗಿ ಸೌಸನ್‌ಳ ತಂದೆ ಹಾಜಿ ರಿದ್ವಾನ್ ಮನೆ ನೋಡಲು ಬರುವವರಿದ್ದರು. ಹುಡುಗ ಮನೆ ತೋರಿಸಬೇಕು, ಹುಡುಗಿಯ ಅಪ್ಪ ನಲ್ಲಿ ತಿರುಗಿಸಿ, ಬಾಗಿಲು ಬಡಿದು ನೋಡಿ ತಲೆಯಾಡಿಸಬೇಕು. ಮದುವೆಯ ದಿನ ಗೊತ್ತಾಗುವುದು ಆಮೇಲೆ.

ಬೆಳಿಗ್ಗೆ ಸೌಸನ್ ಫೋನ್ ಮಾಡಿದಳು. "ಗೋಡೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ಅದು ಹಾಗೇ ಇರ್ಲಿ. ಏನೂ ಮಾಡ್ಬೇಡಿ, ಕೇಳಿಸ್ತಾ?" ಅವಳ ಪಕ್ಕದಲ್ಲೇ ಹಾಜಿಯವರ ಕೆಮ್ಮು ಕೇಳುತ್ತಿತ್ತು.

ಎಂಥ ಒಳ್ಳೆಯ ಮನಸ್ಸು ಈ ಹುಡುಗಿಯದು ಎಂದು ಶುಕ್ರಿಯ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮೇಲಿನ ಮಹಡಿಯ ಉಮ್ಮ್ ಹಮ್ದಿ ಇಳಿದು ಬಂದು ಹೊಸ್ತಿಲಲ್ಲಿ ನಿಂತಳು. "ಆ ಹಾಜಿ ಎಂಥೋರು ಅಂತ ಗೊತ್ತಾ ನಿಂಗೆ? ದೊಡ್ಡ ಅಳಿಯನ ಮನೆಗೆ ಹೋದ್ರಂತೆ, ಗೋಡೆ ಮೂಸಿದ್ರಂತೆ, ಟೀ ಕೂಡ ಮುಟ್ಟದೆ ಎದ್ದು ಬಂದ್ರಂತೆ. ಇವತ್ತಿನ ತನಕ ಆ ಕಡೆ ತಲೆ ಹಾಕಿಲ್ಲ."

ಕೊಟ್ಟ ಮಗಳ ಮನೆಗೇ ಹೀಗಾದರೆ ಇನ್ನೂ ಕೊಡದ ಮಗಳ ಗತಿಯೇನು? ಶುಕ್ರಿ ಕೈ ಮುಗಿದ. "ಅಮ್ಮಾ, ನೀರು ಇಳೀತಿರೋದು ನಿಮ್ಮ ಬಚ್ಚಲ ಪೈಪಿಂದ. ಮೂರು ವರ್ಷದಿಂದ ಗೋಗರೀತಿದೀನಿ, ರಿಪೇರಿ ಮಾಡಿಸಿ."

"ನನ್ನ ಪೈಪು ಬಂಗಾರದಂಥದ್ದು. ಇದು ಸಮುದ್ರದ ಗಾಳಿ ಕಣಪ್ಪ. ಕ್ಲೋರಿನ್ ಹಾಕಿ ಉಜ್ಜು, ಹೋಗತ್ತೆ."

ಶುಕ್ರಿ ಓಡಿಹೋಗಿ ಬಣ್ಣದ ಮೇಸ್ತ್ರಿ ವದೀಯನ್ನು ಕರೆತಂದ. ವದೀ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ. "ಮೊದ್ಲು ಮೇಲಿನ ನೀರು ನಿಲ್ಬೇಕು. ಆಮೇಲೆ ಇಟ್ಟಿಗೆ ಕಾಣೋ ತನಕ ಗಾರೆ ಕೆರೀಬೇಕು, ಕಿಟಕಿ ತೆಗೆದಿಟ್ಟು ಚೆನ್ನಾಗಿ ಒಣಗಿಸ್ಬೇಕು. ಬರೀ ಕ್ಲೋರಿನ್ ಹಾಕಿದ್ರೆ ಹದಿನೈದು ದಿನ ಬೆಳ್ಳಗಿರತ್ತೆ, ಮತ್ತೆ ವಾಪಸ್ ಬರತ್ತೆ."

"ಎಷ್ಟು ದಿನ ಬೇಕು ಮೇಸ್ತ್ರಿ?"

"ಒಂದು ತಿಂಗಳು."

"ನನ್ ಹತ್ರ ಇರೋದು ಮೂರು ಗಂಟೆ."

ವದೀ ಹಣೆ ಚಚ್ಚಿಕೊಂಡು ಹೊರಟ. ಅವನು ಮೆಟ್ಟಿಲು ಇಳಿಯುವ ಬದಲು ಹತ್ತಿ ಹೋದದ್ದನ್ನು ಶುಕ್ರಿ ಗಮನಿಸಲಿಲ್ಲ.

ಶುಕ್ರಿ ಕಿಟಕಿ ತೆರೆದು ಒಂದು ಬಕೆಟ್ ಕ್ಲೋರಿನ್ ನೀರನ್ನು ಗೋಡೆಗೆ ಉಜ್ಜಿದ. ಅರ್ಧ ಗೋಡೆಗಾಯಿತು, ಇನ್ನರ್ಧ ಅವನ ಹೊಸ ನೀಲಿ ಪ್ಯಾಂಟಿಗಾಯಿತು. ಪ್ಯಾಂಟಿನ ಮೇಲೆ ದೋಸೆಯಷ್ಟಗಲದ ಬಿಳಿ ಮಚ್ಚೆಗಳೆದ್ದವು. ಕಣ್ಣು ಉರಿದು ಏನೂ ಕಾಣದಂತಾಯಿತು. ಯಾವುದಕ್ಕೂ ಇರಲಿ ಎಂದು ಕುರುಡನಂತೆ ತಡಕಾಡಿ ದೊಡ್ಡ ಬೀರುವನ್ನು ದೂಡಿ ಆ ಗೋಡೆಗೆ ಅಡ್ಡ ಇಟ್ಟ. ಬೀರುವಿನ ಕಾಲು ಅವನ ಹೆಬ್ಬೆರಳ ಮೇಲೆ ಕೂತಿತು. ಆಗಲೇ ಬಾಗಿಲು ಬಡಿದ ಸದ್ದಾಯಿತು.

ಹಾಜಿ ರಿದ್ವಾನ್ ಮಗಳೊಂದಿಗೆ ಒಳಗೆ ಬಂದವರು ನಲ್ಲಿ ನೋಡಲಿಲ್ಲ, ಬಾಗಿಲು ಬಡಿಯಲಿಲ್ಲ. ನೇರ ಮಲಗುವ ಕೋಣೆಗೆ ನಡೆದು ಮೂಗೆತ್ತಿ ನಾಲ್ಕು ಮೂಲೆಯನ್ನೂ ಮೂಸಿದರು. ಶುಕ್ರಿ ಕುಂಟುತ್ತ ಹಿಂದೆ ನಿಂತು ದೇವರನ್ನು ನೆನೆದ.

"ಮಾಶಾಅಲ್ಲಾ," ಎಂದರು ಹಾಜಿ. "ಉಜ್ಜಿ ತೊಳೆದ ವಾಸನೆ, ಬೂಷ್ಟಿನ ವಾಸನೇನೇ ಇಲ್ಲ. ಡಾಕ್ಟ್ರು ಹೇಳಿದಾರೆ ಅಳಿಯಂದಿರೇ, ಬೂಷ್ಟಿರೋ ಮನೇಲಿ ನಾನು ಒಂದು ರಾತ್ರಿನೂ ಮಲಗಬಾರದು ಅಂತ. ಇಂಥ ಮನೇನೇ ಇಷ್ಟು ದಿನ ಹುಡುಕ್ತಿದ್ದೆ. ಮದುವೆ ಮುಂದಿನ ತಿಂಗಳೇ ಇಟ್ಕೊಳ್ಳೋಣ. ನಾನೂ ಇಲ್ಲಿಗೇ ಬಂದುಬಿಡ್ತೀನಿ, ಈ ಕೋಣೆಗೆ. ನೀವಿಬ್ರೂ ಹಾಲ್‌ನಲ್ಲಿ ಮಲಗಿ, ಗಾಳಿ ಚೆನ್ನಾಗಿ ಬರತ್ತೆ."

ಸೌಸನ್ ಶುಕ್ರಿಯ ತೋಳು ಹಿಡಿದು ಅಡುಗೆಮನೆಗೆ ಎಳೆದಳು. "ಏನೂ ಮಾಡ್ಬೇಡಿ ಅಂದಿದ್ದೆ ತಾನೆ? ಬಿಡಿಸಿ ಹೇಳೋಣ ಅಂದ್ರೆ ಅಪ್ಪ ಪಕ್ಕದಲ್ಲೇ ಕೂತಿದ್ರು. ನಮ್ಮಕ್ಕನ ಮನೆ ಗೋಡೆ ಮೂಸಿ ಎದ್ದು ಬಂದ್ರು. ಅಕ್ಕ ಇವತ್ತಿಗೂ ಆರಾಮಾಗಿದಾಳೆ."

ಶುಕ್ರಿ ಕುಂಟುತ್ತಲೇ ಓಡಿದ. "ಮಾವಾ, ನಿಮ್ಮಿಂದ ಮುಚ್ಚಿಡಬಾರದು. ಈ ಬೀರುವಿನ ಹಿಂದೆ ಪೂರ್ತಿ ಬೂಷ್ಟು, ನೀವೇ ನೋಡಿ." ಎಲ್ಲ ಶಕ್ತಿ ಹಾಕಿ ಬೀರುವನ್ನು ಎಳೆದ.

ಗೋಡೆ ಮದುವಣಗಿತ್ತಿಯ ಉಡುಪಿನಂತೆ ಬೆಳ್ಳಗಿತ್ತು. ಕ್ಲೋರಿನ್ ತನ್ನ ಕೆಲಸ ಮಾಡಿತ್ತು.

"ಎಷ್ಟು ಸಂಕೋಚ ನೋಡಮ್ಮ ಈ ಹುಡುಗನಿಗೆ," ಎಂದರು ಹಾಜಿ. "ನನ್ನ ಮಂಚ ಇಲ್ಲೇ ಹಾಕೋಣ."

ಪರವಾಗಿಲ್ಲ, ಹದಿನೈದು ದಿನ ಎಂದಿದ್ದನಲ್ಲ ವದೀ. ಮದುವೆಯ ಹೊತ್ತಿಗೆ ಬೂಷ್ಟು ತಾನಾಗಿ ವಾಪಸ್ ಬರುತ್ತದೆ. ಶುಕ್ರಿಗೆ ಮತ್ತೆ ಉಸಿರು ಬಂತು. ಸೌಸನ್‌ಳನ್ನು ನೋಡಿ ಮೆಲ್ಲಗೆ ಕಣ್ಣು ಮಿಟುಕಿಸಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮದುವೆಮನೆಯ ಉಲುಲು ಕೇಕೆ ಕೇಳಿಸಿತು. ನಾಲಿಗೆ ಹೊರಳಿಸುತ್ತ ಉಮ್ಮ್ ಹಮ್ದಿ ಬಂದಳು. ಅವಳ ಹಿಂದೆ, ಮೊಣಕೈವರೆಗೆ ಕೆಸರಾದ ವದೀ ಇದ್ದ.

"ಸುಮ್ನೆ ಬೈತಿದ್ದೆ ನನ್ನ," ಎಂದಳು ಉಮ್ಮ್ ಹಮ್ದಿ. "ಮದುವೆ ಹುಡುಗ ಅಂತ ಕರುಳು ಕರಗಿತು ಕಣಪ್ಪ. ಪೈಪು ಪೂರ್ತಿ ಹೊಸದು ಹಾಕಿಸ್ಬಿಟ್ಟೆ."

"ಇನ್ನು ಒಂದು ಹನಿ ಇಳಿಯಲ್ಲ," ಎಂದ ವದೀ. "ಗಾರೇನೂ ನಾಳೆನೇ ಕೆರೀತೀನಿ, ಮದುವೆ ಹೊತ್ತಿಗೆ ಒಣಗಿಸಿ ಹೊಸದು ಹಾಕಿರ್ತೀನಿ. ನನ್ನ ಕಡೆಯಿಂದ ಉಡುಗೊರೆ ಅಂದ್ಕೊಳ್ಳಿ. ಈ ಗೋಡೆಗೆ ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬೂಷ್ಟು ಬರಲ್ಲ."

ಹಾಜಿ ರಿದ್ವಾನ್ ಎದೆ ತುಂಬ ಉಸಿರೆಳೆದುಕೊಂಡು, ತಮ್ಮ ಮಂಚ ಎಷ್ಟುದ್ದ ಬರುತ್ತದೆ ಎಂದು ಹೆಜ್ಜೆ ಹಾಕಿ ಅಳೆಯತೊಡಗಿದರು.