ಉಗಾರ ಬುದ್ರುಕದ ಬೊಲಿವಿಯಾ

ನಮ್ಮ ಸಣ್ಣ ಮಾಮಾ ಎರಡು ದೇಶಗಳ ಪ್ರಜೆಯಾಗಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಪಾಸ್‌ಪೋರ್ಟ್ ಹೋಗಲಿ, ಮಿರಜಿನ ಆಚೆಗಿನ ಊರಿಗೆ ರೈಲಿನ ತಿಕೀಟು ತೆಗೆಸಿದ್ದನ್ನೂ ನಾನು ಕಂಡವಳಲ್ಲ. ಆದರೂ ಅವನ ಮೈ ಉಗಾರ ಬುದ್ರುಕದಲ್ಲಿ, ಮನಸ್ಸು ಬೊಲಿವಿಯಾದಲ್ಲಿ! ಬೊಲಿವಿಯಾ ಎಲ್ಲಿದೆ ಎಂದು ಕೇಳುತ್ತೀರಾ? ನಿಮ್ಮ ಪುಣ್ಯ, ನನ್ನನ್ನು ಕೇಳಿದಿರಿ. ಮಾಮಾನನ್ನು ಕೇಳಿದ್ದರೆ ಕೈಯಲ್ಲಿದ್ದ ಚಹಾ ಆರಿ, ಕೆನೆಗಟ್ಟಿ, ಅದರಲ್ಲಿ ನೊಣ ಬಿದ್ದು ಈಜಿ ದಡ ಸೇರಿದರೂ ನಿಮ್ಮನ್ನು ಬಿಡುತ್ತಿರಲಿಲ್ಲ.

ಅವನು ನನ್ನ ತಾಯಿಯ ಕಿರಿಯ ತಮ್ಮ. ನಾನು ಬೆಳೆದದ್ದೇ ಆ ಮನೆಯಲ್ಲಿ. ಮಾತು ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ ಕೂತು. ಲಗ್ನವಾಗಿ ನಿಪ್ಪಾಣಿಗೆ ಹೋದ ಮೇಲೂ ಪಂಚಮಿಗೊಮ್ಮೆ, ಜೈನ ಬಸ್ತಿಯ ಪರ್ವಕ್ಕೊಮ್ಮೆ ಬರುವುದನ್ನು ಬಿಡಲಿಲ್ಲ. ಹಾಗಾಗಿ ಈ ಎರಡನೆಯ ದೇಶ ನಮ್ಮ ಮನೆಯೊಳಗೆ ಹೇಗೆ ಹೊಕ್ಕಿತು ಎಂಬುದಕ್ಕೆ ನಾನೇ ಸಾಕ್ಷಿ.

ಹೊಕ್ಕದ್ದು ಎಮ್ಮೆಯ ಸಲುವಾಗಿ. ಕೊಟ್ಟಿಗೆಯ ಕಿಟಕಿಯಿಂದ ಮಳೆ ಎರಚಲು ಬಡಿಯುತ್ತಿತ್ತು. ಮಾಮಾ ಕುಡಚಿ ಸ್ಟೇಷನ್ನಿನ ಹತ್ತಿರದ ರದ್ದಿ ಅಂಗಡಿಗೆ ಹೋಗಿ, ಯಾವುದೋ ಸಾಲೆಯವರು ತೆಗೆದು ಹಾಕಿದ್ದ ಅರಿವೆ ಬೆನ್ನಿನ ದೊಡ್ಡ ನಕಾಶೆಯೊಂದನ್ನು ತಂದ. ದಕ್ಷಿಣ ಅಮೆರಿಕದ್ದು. ಮೊಳೆ ಹೊಡೆಯಲು ಸುತ್ತಿಗೆ ಎತ್ತಿದವನು ಹಾಗೇ ನಿಂತುಬಿಟ್ಟ. ಸುತ್ತೂ ಬಣ್ಣಬಣ್ಣದ ದೇಶಗಳು, ಹೆಚ್ಚುಕಡಿಮೆ ಎಲ್ಲಕ್ಕೂ ಒಂದು ಕಡೆಯಾದರೂ ನೀಲಿ ನೀರು. ನಡುವೆ ಒಂದು ಹಳದಿ ದೇಶ, ಅದಕ್ಕೆ ನಾಲ್ಕೂ ಕಡೆ ಮಂದಿ.

"ಇದಕ್ಕ ಹೊರಗ ಹೋಗಾಕ ಹಾದೀನ ಇಲ್ಲಲ್ಲಬೇ. ಥೇಟ್ ನಮ್ಮ ಹೊಲ" ಎಂದ ಮಾಮಿಗೆ.

ಅಷ್ಟೇ. ನಕಾಶೆ ಪಡಸಾಲೆಗೆ ಬಂತು. ಎಮ್ಮೆ ಆ ಮಳೆಗಾಲವೆಲ್ಲ ತೊಯಿಸಿಕೊಂಡಿತು.

ಮಾಮಾನ ಹೊಲದ ಭೂಗೋಳವನ್ನು ಇಲ್ಲೇ ಹೇಳಿಬಿಡುತ್ತೇನೆ, ಬೊಲಿವಿಯಾದ್ದಕ್ಕಿಂತ ಸರಳ. ಅಜ್ಜ ಬದುಕಿದ್ದಾಗಲೇ ಇಬ್ಬರು ಗಂಡುಮಕ್ಕಳಿಗೆ ವಾಟಣಿ ಮಾಡಿಕೊಟ್ಟಿದ್ದ. ರಸ್ತೆಗುಂಟ ಇರುವ ಉದ್ದನೆಯ ಪಟ್ಟಿ ದೊಡ್ಡ ಮಾಮಾನಿಗೆ. ಅದರ ಬೆನ್ನಿಗೆ ಕೃಷ್ಣೆಯ ದಂಡೆಯವರೆಗಿನ ಎರೆಭೂಮಿ ಸಣ್ಣ ಮಾಮಾನಿಗೆ. ಕಬ್ಬು ಬೆಳೆದರೆ ಆನೆ ಮರೆಯಾಗಬೇಕು, ಅಂಥ ಭೂಮಿ. ಆದರೆ ಬೆಳೆದ ಕಬ್ಬು ರಸ್ತೆಗೆ ಬರಬೇಕಾದರೆ ಅಣ್ಣನ ಹೊಲ ದಾಟಬೇಕು. ಹಿಂದೆ ನದಿ ಇದೆಯಲ್ಲ ಎನ್ನಬೇಡಿ, ಕಬ್ಬಿಗೆ ಈಜು ಬರುವುದಿಲ್ಲ.

ವಾಟಣಿ ಪತ್ರ ಬರೆಯುವಾಗ ಪಂಚರಲ್ಲಿ ಒಬ್ಬರು ಗಾಡೀ ಹಾದಿಯನ್ನೂ ಬರೆಯೋಣವೇ ಎಂದು ಕೇಳಿದರಂತೆ. ಅಜ್ಜನಿಗೆ ಸಿಟ್ಟು ಬಂದು ಮುಂಡಾಸು ತೆಗೆದು ತೊಡೆಯ ಮೇಲಿಟ್ಟನಂತೆ. "ಅಣ್ಣತಮ್ಮರ ನಡುವಿನ ಹಾದಿ ಕಾಗದದಾಗ ಬರೀತಾರೇನು? ಬರದ್ರ, ನಾಳೆ ಜಗಳ ಆಡ್ರಿ ಅಂತ ನಾನ ಹೇಳಿಕೊಟ್ಟಂಗ ಆಗತೈತಿ." ನಮ್ಮ ಕಡೆಯ ಮರ್ಯಾದಸ್ಥರು ಮಾಡುವ ತಪ್ಪೇ ಇದು. ಬದುವಿಗೆ ಕಲ್ಲು ನೆಡುತ್ತಾರೆ, ಬಾವಿಯ ನೀರಿಗೆ ಪಾಳಿ ಬರೆಯುತ್ತಾರೆ, ಬೇವಿನ ಮರದ ಟೊಂಗೆ ಕೂಡ ಯಾರದೆಂದು ಗೊತ್ತು ಮಾಡುತ್ತಾರೆ; ಹಾದಿಯನ್ನು ಮಾತ್ರ ಪ್ರೀತಿಯ ಮೇಲೆ ಬಿಡುತ್ತಾರೆ.

ಪ್ರೀತಿ ಇತ್ತು, ಹಾದಿಯೂ ಇತ್ತು. ಅಲ್ಲಿಯವರೆಗೆ ಬೊಲಿವಿಯಾದಿಂದ ಯಾರಿಗೂ ತ್ರಾಸಿರಲಿಲ್ಲ, ಮಾಮಿಯೊಬ್ಬಳನ್ನು ಬಿಟ್ಟು.

ರದ್ದಿ ಅಂಗಡಿಯ ಚಾಚಾ ಆ ದೇಶದ ಹೆಸರಿದ್ದ ಚೂರು ಪೇಪರನ್ನೂ ಮಾಮಾನಿಗಾಗಿ ತೆಗೆದಿಡುತ್ತಿದ್ದ. ಮಾಮಾ ದೂರದಲ್ಲಿ ಕಂಡರೆ ಸಾಕು, "ಆವೋ ಪಾಟೀಲ್, ತುಮ್ಹಾರೇ ಮುಲ್ಕ್ ಕೀ ಖಬರ್ ಆಯೀ ಹೈ" ಎಂದು ಅವನ ದೇಶದ ಸುದ್ದಿ ಬಂದದ್ದನ್ನು ಸಾರಿ ಕೈ ಬೀಸುತ್ತಿದ್ದ. ಇಂಗ್ಲಿಷ್ ಇದ್ದರೆ ಸಾಲೆಯ ಮಾಸ್ತರರಿಂದ ಓದಿಸುವುದು, ಮರಾಠಿ ಇದ್ದರೆ ತಾನೇ ಓದುವುದು. ಓದಿದ್ದರಲ್ಲಿ ಅರ್ಧ ದಾರಿಯಲ್ಲಿ ಮರೆಯುತ್ತಿತ್ತು. ಖಾಲಿಯಾದ ಜಾಗ ಮನೆ ಮುಟ್ಟುವುದರೊಳಗೆ ತಾನೇ ತುಂಬಿಕೊಳ್ಳುತ್ತಿತ್ತು.

"ಅಲ್ಲಿ ಊರು ಎಷ್ಟು ಎತ್ತರದಾಗ ಅದಾವಂದ್ರ, ಕಡ್ಡಿ ಗೀರಿದ್ರ ಅದು ಹತ್ತಲೋ ಬ್ಯಾಡೋ ಅಂತ ವಿಚಾರ ಮಾಡತೈತಿ. ನಮ್ಮ ನಿಪ್ಪಾಣಿ ಬೀಡಿ ಅಲ್ಲಿ ನಡಿಯೂದಿಲ್ಲ ನೋಡು" ಎಂದು ನನ್ನ ಗಂಡನ ಊರಿನ ಮೇಲೆ ಕನಿಕರ ತೋರಿಸುತ್ತಿದ್ದ. ಅಲ್ಲಿಯ ಮಂದಿ ಮನೆಯಲ್ಲಿ ಒಂದು ಭಾಷೆ, ಪ್ಯಾಟಿಯಲ್ಲಿ ಇನ್ನೊಂದು ಮಾತಾಡುತ್ತಾರೆ ಎಂದು ತಿಳಿದ ದಿನ ಅವನಿಗಾದ ಹಿಗ್ಗು ಹೇಳತೀರದು. ಮನೆಯಲ್ಲಿ ಕನ್ನಡ, ಕಾಗವಾಡದ ಸಂತೆಯಲ್ಲಿ ಮರಾಠಿ ಆಡುವ ನಾವು ಅವರ ಬೀಗರೇ ಆದೆವು!

ಅಲ್ಲಿಯ ಹೆಂಗಸರು ಗಂಡಸರಂತೆ ಟೊಪ್ಪಿಗೆ ಹಾಕುತ್ತಾರೆ ಎಂದು ಗೊತ್ತಾದಾಗ ತನ್ನ ಕರೇ ಟೊಪ್ಪಿಗೆಯನ್ನು ಒಲೆಯ ಮುಂದೆ ಕೂತಿದ್ದ ಮಾಮಿಯ ತಲೆಯ ಮೇಲಿಟ್ಟು ನೋಡಿದ. ಮಾಮಿ ತೆಗೆಯಲಿಲ್ಲ, ಕೈಯಲ್ಲಿ ಹಿಟ್ಟಿತ್ತು. "ಇನ್ನ ನೀವು ಸೀರಿ ಉಟಗೊಂಡು ರೊಟ್ಟಿ ಬಡೀರಿ, ನಾ ಕಟ್ಟಿ ಮ್ಯಾಲ ಕೂತು ಸುದ್ದಿ ಹೇಳತೀನಿ" ಎಂದಳು.

ನಿಜವಾದ ಪೇಚು ಬಂದದ್ದು ಬಟಾಟಿಯಿಂದ. ನಮ್ಮದು ಜೈನರ ಮನೆ. ನೆಲದೊಳಗೆ ಬೆಳೆದ ಗಡ್ಡೆ ಹೊಸ್ತಿಲು ದಾಟುವುದಿಲ್ಲ. ಬೊಲಿವಿಯಾದವರೋ, ಬಟಾಟಿಯಲ್ಲೇ ಹುಟ್ಟಿ ಬಟಾಟಿಯಲ್ಲೇ ಬೆಳೆದವರು. ಇಬ್ಬನಿ ಚಳಿಯಲ್ಲಿ ಹರವಿ, ತುಳಿದು, ಒಣಗಿಸಿ ವರ್ಷಾನುಗಟ್ಟಲೆ ಇಟ್ಟು ತಿನ್ನುವವರು. ಈ ಸಂಗತಿಯನ್ನು ಮಾಮಾ ಬಹಳ ದಿನ ಮುಚ್ಚಿಟ್ಟಿದ್ದ. ಮಾಸ್ತರರು ಮಾಮಿಯ ಮುಂದೆ ಆಡಿಬಿಟ್ಟರು.

"ಇಂಥಾದ್ದನ್ನ ದೇವರ ಖೋಲಿ ಗ್ವಾಡಿಗೆ ಹಚ್ಚೀರೇನ್ರಿ?" ಎಂದು ಮಾಮಿ ನಕಾಶೆಯನ್ನು ಎದುರಿನ ಗೋಡೆಗೆ ಗಡೀಪಾರು ಮಾಡಿದಳು. ಮಾಮಾ ಮೊಳೆ ಕಿತ್ತು ಮೊಳೆ ಹೊಡೆದ. ಕೊನೆಗೆ ಮೆಲ್ಲಗೆ, "ಸಮುದ್ರ ಕಳಕೊಂಡವ್ರು ಹಸದು ಏನ್ ತಿನ್ನಬೇಕಪಾ, ಪಾಪ" ಎಂದ.

ಇನ್ನು ಸರ್ಕಾರ. ಆ ಕಾಲದಲ್ಲಿ ಅಲ್ಲಿ ರೊಟ್ಟಿ ತಿರುವಿದಂತೆ ಸರ್ಕಾರ ತಿರುವುತ್ತಿದ್ದರಂತೆ. ಒಂದು ಮುಂಜಾನೆ ಮಾಮಾ ರೇಡಿಯೋ ಕೇಳಿ ಮಾರಿ ಸಣ್ಣ ಮಾಡಿಕೊಂಡು ಚಹಾದಂಗಡಿಗೆ ಬಂದು, ಸರಕಾರ ಬಿತ್ತು ಎಂದು ಉಸಿರು ಬಿಟ್ಟ. ಮೂಲೆಯಲ್ಲಿ ಕೂತಿದ್ದ ಊರ ಪುಢಾರಿ ಅರ್ಧ ಚಹಾ ಬಿಟ್ಟು ಅಥಣಿಯ ಬಸ್ಸು ಹತ್ತಿದ. ಸಂಜೆ ಬರುವುದರೊಳಗೆ ಪಕ್ಷ ಬದಲಿಸಿ ಬಂದಿದ್ದ! ಬಿದ್ದದ್ದು ಬೆಂಗಳೂರಿನದಲ್ಲ, ಬೊಲಿವಿಯಾದ್ದು ಎಂದು ಗೊತ್ತಾದ ಮೇಲೆ ಅವನು ಮಾಮಾನಿದ್ದ ಓಣಿಯಲ್ಲಿ ಹಾಯುವುದನ್ನೇ ಬಿಟ್ಟ.

ಆದರೆ ಮಾಮಾನ ಮನಸ್ಸು ನಿಂತದ್ದು ಒಂದೇ ಸಂಗತಿಯ ಮೇಲೆ. ಬೊಲಿವಿಯಾಕ್ಕೆ ಹಿಂದೆ ಸಮುದ್ರ ಇತ್ತು. ಯುದ್ಧವಾಗಿ ನೆರೆಯ ಚಿಲಿ ಅದನ್ನು ಕಸಿದುಕೊಂಡಿತು. ಆದರೂ ಬೊಲಿವಿಯಾ ತನ್ನ ನೌಕಾಪಡೆಯನ್ನು ಬಿಟ್ಟಿಲ್ಲ. ಗುಡ್ಡದ ಮೇಲಿನ ದೊಡ್ಡ ಸರೋವರದಲ್ಲಿ ಹಡಗು ಇಟ್ಟುಕೊಂಡು, ವರ್ಷಕ್ಕೊಂದು ದಿನ ಸಮುದ್ರದ ನೆನಪಿಗೆ ಮೆರವಣಿಗೆ ತೆಗೆಯುತ್ತದೆ. ಇದನ್ನು ಹೇಳುವಾಗ ಮಾಮಾನ ದನಿ ಭಾರವಾಗುತ್ತಿತ್ತು. ತನ್ನ ಎತ್ತಿನ ಗಾಡಿಗೂ ನೀಲಿ ಬಣ್ಣ ಬಳಿದಿದ್ದ. ಅದು ಅವನ ನೌಕಾಪಡೆ.

ಒಂದು ಬೇಸಿಗೆ, ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಸಾಬೂನು ಬಳಿಸಿಕೊಂಡು ಕೂತವನು ಹುಮ್ಮಸ್ಸಿನಲ್ಲಿ ಒಂದು ಮಾತು ಆಡಿದ. ರಸ್ತೆಗುಂಟ ಉದ್ದಕ್ಕೆ ಮಲಗಿದ ಅಣ್ಣನ ಹೊಲ ನಕಾಶೆಯಲ್ಲಿ ಸಮುದ್ರದ ಗುಂಟ ಮಲಗಿದ ಚಿಲಿಯ ಹಾಗೇ ಇದೆ, ಹಾಗಾದರೆ ನಮ್ಮ ಅಣ್ಣನೇ ಚಿಲಿ ಎಂದ. ಎಲ್ಲರೂ ನಕ್ಕರು. ಮರುದಿನದಿಂದ ದೊಡ್ಡ ಮಾಮಾ ಹಾದಿಯಲ್ಲಿ ಕಂಡರೆ, ಚಿಲಿ ಬಂತು ಎಂದು ಮಂದಿ ಬಾಯಿಗೆ ಟಾವೆಲ್ ಹಿಡಿಯತೊಡಗಿದರು.

ದೊಡ್ಡ ಮಾಮಾ ಮಾತು ಕಡಿಮೆಯ ಮನುಷ್ಯ. ನೇರ ಮಾಸ್ತರರ ಮನೆಗೆ ಹೋಗಿ ಚಿಲಿ ಅಂದರೇನು ಎಂದು ಕೇಳಿದ. ಅವರು ಪಾಪ, ಇದ್ದದ್ದು ಇದ್ದ ಹಾಗೆ ಹೇಳಿದರು. ನೆರೆಯವನ ಸಮುದ್ರ ಕಸಿದುಕೊಂಡ ದೇಶ ಎಂದು ಕೇಳಿ ಅವನು ಎದ್ದು ಹೊಲದ ಕಡೆ ನಡೆದನಂತೆ. ಮರುದಿನ ಬೆಳಗಾಗುವುದರೊಳಗೆ ಗಾಡೀ ಹಾದಿಗೆ ಅಡ್ಡಲಾಗಿ ಜಾಲಿಯ ಮುಳ್ಳು ಬಿದ್ದಿತ್ತು.

ಪಂಚಮಿಗೆ ನಾನು ಬಂದಾಗ ಮನೆಯಲ್ಲಿ ಉಂಡಿ ಇತ್ತು, ನಗೆ ಇರಲಿಲ್ಲ. ಹೊಲದಲ್ಲಿ ಕಬ್ಬು ಆಳೆತ್ತರ ನಿಂತಿತ್ತು. ದೀಪಾವಳಿ ಕಳೆದರೆ ಕಡಿಯುವ ಗ್ಯಾಂಗು ಬರುತ್ತದೆ. ಹಾದಿ ಇಲ್ಲದ ಹೊಲಕ್ಕೆ ಅವರು ಕುಡುಗೋಲು ಹಚ್ಚುವುದಿಲ್ಲ. ನಿಂತ ಕಬ್ಬು ನಿಂತಲ್ಲೇ ಬೆಂಡಾದರೆ ಆ ವರ್ಷದ ಬದುಕು ಮುಗಿದಂತೆ. ಮಾಮಾ ಮಾತ್ರ ದಿನಾಲೂ ನೀಲಿ ಗಾಡಿಯನ್ನು ಒರೆಸಿ, ಗಾಲಿಗೆ ಎಣ್ಣೆ ಹಾಕಿ, ಎತ್ತು ಹೂಡಿ ಮುಳ್ಳಿನವರೆಗೆ ಹೊಡೆದುಕೊಂಡು ಹೋಗಿ, ಸ್ವಲ್ಪ ಹೊತ್ತು ರಸ್ತೆಯನ್ನು ನೋಡಿ ಹಿಂದಕ್ಕೆ ಬರುತ್ತಿದ್ದ. ನಗಬೇಕೋ ಅಳಬೇಕೋ ಹೇಳಿ.

"ಹೋಗಿ ಅಣ್ಣನ ಮುಂದ ಒಂದು ಮಾತು ಆಡಿ ಬರ್ರಿ" ಎಂದಳು ಮಾಮಿ.

"ಬೊಲಿವಿಯಾ ಇಷ್ಟು ವರ್ಷ ಆದ್ರೂ ತಲಿ ಬಗ್ಗಿಸಿಲ್ಲ."

"ಸಮುದ್ರ ಇಲ್ಲಂತ ಅವರ ಬಟಾಟಿ ಹೊಲದಾಗ ಒಣಗಲಿಲ್ಲರಿ. ನಮ್ಮ ಕಬ್ಬು ಒಣಗತೈತಿ."

ಮಾಮಿ ಗುಟ್ಟಾಗಿ ನನ್ನನ್ನು ರಾಯಭಾರಿ ಮಾಡಿ ಕಳಿಸಿದಳು. ದೊಡ್ಡ ಮಾಮಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಕ್ಕರೆ ಹಾಕಿದ ಹಾಲು ಕುಡಿಸಿ, ಗಂಡನ ಮನೆಯವರ ಯೋಗಕ್ಷೇಮವೆಲ್ಲ ಕೇಳಿ, ಕೊನೆಗೆ, "ಅವನ ದೇಶಕ್ಕ ಎರಡು ರಾಜಧಾನಿ ಅದಾವಂತಲ್ಲವಾ, ಯಾವುದರಾಗರ ಒಂದರಾಗ ಫಿರ್ಯಾದಿ ಕೊಡಂತ ಹೇಳು" ಎಂದ. ತುಟಿಯಲ್ಲಿ ನಗೆ ಇತ್ತು. ಕಣ್ಣಲ್ಲಿ ಇರಲಿಲ್ಲ.

ಪರ್ವಕ್ಕೆ ಮತ್ತೆ ಬಂದೆ. ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಎಂದು ಮಾಡುತ್ತಾರೆ. ವರ್ಷವಿಡೀ ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಅಂದು ಪ್ರತಿಯೊಬ್ಬರೂ ಪ್ರತಿಯೊಬ್ಬರ ಮುಂದೆ ಕೈಮುಗಿದು ಕ್ಷಮೆ ಕೇಳಬೇಕು. ಸಾಲ ಕೊಟ್ಟವನೂ ಇಸಿದುಕೊಂಡವನೂ, ಅತ್ತೆಯೂ ಸೊಸೆಯೂ, ಎಲ್ಲರೂ ಬಸ್ತಿಯ ಅಂಗಳದಲ್ಲಿ ಎದುರುಬದುರು. ಇವತ್ತು ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾರೆ ಎಂದು ನಾನೂ ಮಾಮಿಯೂ ಕಣ್ಣಲ್ಲಿ ಕಣ್ಣಿಟ್ಟು ಕಾದೆವು.

ಹೋದರು! ಸಣ್ಣ ಮಾಮಾ ಮೂಡಲ ಬಾಗಿಲಿಂದ ಬಂದರೆ ದೊಡ್ಡ ಮಾಮಾ ಬಡಗಣ ಬಾಗಿಲಿಂದ ಇಳಿದ. ಇವನು ಕಂಬದ ಈಚೆ ಬಂದರೆ ಅವನು ಆಚೆ. ಸಣ್ಣ ಮಾಮಾ ಮಾಸ್ತರರ ಕ್ಷಮೆ ಕೇಳಿದ, ಪುಢಾರಿಯ ಕ್ಷಮೆ ಕೇಳಿದ, ಹಿಂದೊಂದು ಮಳೆಗಾಲ ತೊಯ್ದ ಎಮ್ಮೆಯ ಕ್ಷಮೆ ಮನೆಯಲ್ಲೇ ಕೇಳಿ ಬಂದಿದ್ದ. ಎಂಬತ್ನಾಲ್ಕು ಲಕ್ಷ ಜೀವರಾಶಿಗೆ ಕೈಮುಗಿದ. ಒಬ್ಬ ಅಣ್ಣ ಉಳಿದ.

ಆ ದಿನ ಹೊತ್ತು ಮುಳುಗುವುದಕ್ಕೆ ಮುಂಚೆ ಮಾಮಿ ಊಟಕ್ಕೆ ಬಡಿಸುತ್ತಿದ್ದಳು. ಬಾಗಿಲು ಕತ್ತಲಾಯಿತು. ನೋಡಿದರೆ ದೊಡ್ಡ ಮಾಮಾ. ಮುಳ್ಳು ಬಿದ್ದ ಮೇಲೆ ಆ ಹೊಸ್ತಿಲು ತುಳಿದವನಲ್ಲ. ಮಾಮಿ ಸೆರಗು ಸರಿಮಾಡಿಕೊಂಡು ಮಣೆ ಹುಡುಕತೊಡಗಿದಳು. ಸಣ್ಣ ಮಾಮಾ ಕಲಸಿದ ತುತ್ತು ಹಾಗೇ ಹಿಡಿದು ಎದ್ದು ನಿಂತ.

"ಎಲ್ಲೈತಿ ನಿನ್ನ ಆ ನಕಾಶಿ?" ಎಂದ ದೊಡ್ಡ ಮಾಮಾ. "ನಾ ಎಲ್ಲಿದ್ದೀನಿ ತೋರಸು."

ಸಣ್ಣ ಮಾಮಾ ಎಡಗೈ ಬೆರಳಿಂದ ಚಿಲಿಯನ್ನು ಮುಟ್ಟಿದ. ದೊಡ್ಡ ಮಾಮಾ ಕಣ್ಣಿಗೆ ಚಾಳೀಸು ಏರಿಸಿ ಹತ್ತಿರ ಹೋದ. ಮೇಲಿಂದ ಕೆಳಗಿನ ತನಕ ಆ ಉದ್ದ ಪಟ್ಟಿಯ ಮೇಲೆ ಬೆರಳಾಡಿಸಿದ.

"ಇಷ್ಟು ಸಣಕಲ ಅದಾನೇನು ಇವ? ನಾ ಏನೋ ದೊಡ್ಡ ಸಾಹುಕಾರ ಅಂತ ತಿಳಿದಿದ್ದೆ. ಒಂದು ಮಗ್ಗಲಕ ನೀರು, ಒಂದು ಮಗ್ಗಲಕ ಗುಡ್ಡ. ಮಲಗಿದ್ರ ಹೊರಳಾಕ ಜಾಗಾ ಇಲ್ಲ." ಬೆರಳನ್ನು ಪಕ್ಕದ ಹಳದಿ ದೇಶಕ್ಕೆ ಸರಿಸಿ ಅಂದ: "ಬೆನ್ನ ಹಿಂದ ತಮ್ಮ ಒಬ್ಬ ಇದ್ದ. ಅವನೂ ಮಾತು ಬಿಟ್ಟ."

ಇಷ್ಟು ವರ್ಷ ಆ ನಕಾಶೆಯನ್ನು ಹಗಲೂ ಸಂಜೆಯೂ ನೋಡಿದ ಸಣ್ಣ ಮಾಮಾ ಆಗ ಅದನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

"ಅಣ್ಣಾ, ನಾ ಆ ಕಡಿಂದ ನೋಡೇ ಇದ್ದಿಲ್ಲ" ಎಂದ. ಉಂಡ ಕೈಯನ್ನೂ ಮರೆತು ಎರಡೂ ಕೈ ಜೋಡಿಸಿದ. ಅನ್ನ ಸಿಡಿದು ಚಿಲಿಯ ಮೇಲೆ ಅಂಟಿತು. ದೊಡ್ಡ ಮಾಮಾ ಅದನ್ನು ಒಂದೊಂದೇ ಅಗುಳು ಆರಿಸಿ ತೆಗೆದು, ತಮ್ಮನ ಎಂಜಲ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

ಕಬ್ಬು ಕಡಿಯುವ ದಿನ ಮುಳ್ಳು ಬಿದ್ದಿದ್ದ ಜಾಗದಲ್ಲಿ ನೀರು ಚಿಮುಕಿಸಿ ರಂಗೋಲಿ ಹಾಕಿತ್ತು. ಕಬ್ಬು ಹೇರಿದ ನೀಲಿ ಗಾಡಿಯ ಮೇಲೆ ಸಣ್ಣ ಮಾಮಾ ಟೊಪ್ಪಿಗೆ ಸರಿಮಾಡಿಕೊಂಡು ನೌಕಾಪಡೆಯ ಮುಖ್ಯಸ್ಥನ ಗತ್ತಿನಲ್ಲಿ ನಿಂತಿದ್ದ. ಮುಂದೆ ಎತ್ತಿನ ಹಗ್ಗ ಹಿಡಿದು ನಡೆದವನು ಚಿಲಿ.

ಈಗ ಸಣ್ಣ ಮಾಮಾ ಇಲ್ಲ. ನಕಾಶೆಯನ್ನು ದೊಡ್ಡ ಮಾಮಾ ತನ್ನ ಪಡಸಾಲೆಗೆ ತಂದು ಹಚ್ಚಿಕೊಂಡಿದ್ದಾನೆ, ಬಟಾಟಿಯ ವಿಷಯ ಗೊತ್ತಿದ್ದೂ. ಕಣ್ಣು ಮಂಜಾಗಿದೆ, ರೇಡಿಯೋದ ಇಂಗ್ಲಿಷ್ ತಿಳಿಯುವುದಿಲ್ಲ. ಹೋದ ಸಲ ನಾನು ಪರ್ವಕ್ಕೆ ಹೋದಾಗ ಕಾಲು ತೊಳೆಯುವ ಮೊದಲೇ ಕರೆದು ಕೇಳಿದ:

"ಯವ್ವಾ, ಅವಗ ಸಮುದ್ರ ಕೊಟ್ರೇನು?"

"ಇನ್ನೂ ಇಲ್ಲ ಮಾಮಾ" ಎಂದೆ.

ಅವನು ನಕಾಶೆಯ ಕಡೆ ತಿರುಗಿದ. ಸವೆದು ಮಾಸಿದ ಆ ಹಳದಿ ದೇಶದ ಮೇಲೆ ಅಂಗೈ ಇಟ್ಟ.

"ಯಾಕವಾ, ಅವರೊಳಗ ಕ್ಷಮಾವಣಿ ಮಾಡೂದಿಲ್ಲೇನು?"