ಮೇಡಂ ಸುಮ್ಮನಿದ್ದ ನಿಮಿಷಗಳನ್ನು ಕತ್ತರಿಸುವ ಯಂತ್ರಕ್ಕೆ

ಮಾನ್ಯ ಧ್ವನಿಮುದ್ರಣ ಯಂತ್ರ ಮಹಾಶಯರೇ,

ನಮ್ಮ ತರಗತಿಯ ಸೀಲಿಂಗಿನಲ್ಲಿ ತಲೆಕೆಳಗಾಗಿ ನೇತಾಡುತ್ತಾ, ಪಾಠವನ್ನೆಲ್ಲ ಕೇಳಿಸಿಕೊಂಡು, ಯಾರೂ ಮಾತಾಡದ ಜಾಗಗಳನ್ನು ‘ಖಾಲಿ’ ಎಂದು ಕತ್ತರಿಸಿ, ಉಳಿದದ್ದನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸುವ ತಮಗೆ ಎರಡನೇ ವರ್ಷದ ಸಿವಿಲ್ ವಿದ್ಯಾರ್ಥಿಗಳಿಂದ ಕತ್ತು ನೋಯುವಷ್ಟು ತಲೆಯೆತ್ತಿ ನಮಸ್ಕಾರಗಳು.

ನಮಗೆ ಸೇತುವೆ ಪಾಠ ಮಾಡುವ ಮೇಡಂ ತಮಗೆ ಗೊತ್ತಿರಬಹುದು, ಅಥವಾ ಅರ್ಧ ಮಾತ್ರ ಗೊತ್ತಿರಬಹುದು. ಅವರು ಬೋರ್ಡಿನ ಮೇಲೊಂದು ಸೇತುವೆ ಬರೆದು, “ಇದ್ರಲ್ಲಿ ಭಾರವೇ ಹೊರದೆ ನಿಂತಿರೋ ಕಂಬಿ ಯಾವ್ದು?” ಎಂದು ಕೇಳಿ, ಸೀಮೆಸುಣ್ಣ ಕೆಳಗಿಟ್ಟು, “ಆತುರ ಏನಿಲ್ಲ, ನಾನಿಲ್ಲೇ ಇರ್ತೀನಿ” ಎಂದು ಕಿಟಕಿ ಪಕ್ಕ ನಿಂತುಬಿಡುತ್ತಾರೆ. ಒಂದು ನಿಮಿಷ, ಎರಡು ನಿಮಿಷ, ನಾಲ್ಕು ನಿಮಿಷ. ಕೊನೆಗೆ ಹಿಂದಿನ ಬೆಂಚಿನಿಂದ, ಯಾವುದಕ್ಕೂ ತಡವಾಗಿ ಉತ್ತರಿಸುವ ಕಾರಣಕ್ಕೆ ನಾವು ಬಫರಿಂಗ್ ಎಂದೇ ಕರೆಯುವ ಗೆಳೆಯ ಎದ್ದು, “ಆ ನಡುವಿಂದು ಮೇಡಂ... ಆದ್ರೆ ತೆಗೀಬಾರ್ದು, ಗಾಳಿ ಜೋರಾದ್ರೆ ಬೇಕಾಗುತ್ತೆ” ಎನ್ನುತ್ತಾನೆ. ಮೇಡಂ ನಗುತ್ತಾರೆ. ಆ ನಗುವಿಗೆ ನಾವೆಲ್ಲ ಫ್ಯಾನ್ಸ್, ಗ್ರೂಪ್ ಕೂಡ ಇದೆ.

ತಮ್ಮ ಮುದ್ರಣದಲ್ಲಾದರೋ ಮೇಡಂ ಮಾತು ಮುಗಿದ ಮರುಕ್ಷಣವೇ ಬಫರಿಂಗ್ ಉತ್ತರ ಕೊಟ್ಟುಬಿಡುತ್ತಾನೆ. ಅದನ್ನು ಕೇಳಿದ ಅವನ ಅಮ್ಮ “ಕಾಲೇಜಲ್ಲಿ ಇಷ್ಟು ಚುರುಕು, ಮನೇಲಿ ಕರೆದ್ರೆ ಯಾಕೋ ಕಿವುಡು?” ಎಂದು ತರಾಟೆಗೆ ತೆಗೆದುಕೊಂಡಿದ್ದಾರೆ. ಅದನ್ನೂ ನಾವು ಸಹಿಸಿಕೊಂಡಿದ್ದೆವು. ಆದರೆ ಐವತ್ತು ನಿಮಿಷದ ಪಾಠವನ್ನು ತಾವು ಹತ್ತೊಂಬತ್ತಕ್ಕೆ ಇಳಿಸಿ, ಮೇಡಂ ಹೆಸರಿನ ಮುಂದೆ ‘ಬೋಧನಾ ಕೊರತೆ’ ಎಂಬ ಕೆಂಪು ದೀಪ ಹಚ್ಚಿದಿರಿ. ಬರುವ ಸೋಮವಾರದ ಸಭೆಯಲ್ಲಿ ಅವರ ತರಗತಿಯನ್ನೇ ರದ್ದು ಮಾಡಿ, ಐವತ್ತು ನಿಮಿಷ ಉಸಿರೇ ಎಳೆದುಕೊಳ್ಳದ ಯಾರದೋ ವಿಡಿಯೋ ಹಾಕುತ್ತಾರಂತೆ.

ವಿಭಾಗದ ಮುಖ್ಯಸ್ಥರು ನಮ್ಮೆದುರೇ, “ಏನಾದ್ರೂ ಮಾತಾಡ್ತಾ ಇರಿ ಮೇಡಂ, ಹವಾಮಾನನಾದ್ರೂ ಹೇಳಿ” ಎಂದು ಬೇಡಿಕೊಂಡರು. “ಅವ್ರು ಯೋಚನೆ ಮಾಡೋವಾಗ ನಾನ್ಯಾಕೆ ಸರ್ ಮಧ್ಯೆ ಬಾಯಿ ಹಾಕ್ಲಿ?” ಎಂದರು ಮೇಡಂ.

ಆಗ ಅವರನ್ನು ಉಳಿಸುವ ಭಾರ ನಮ್ಮ ಗ್ರೂಪಿನ ಮೇಲೆ ಬಿತ್ತು. ಮಂಗಳವಾರ ಮೇಡಂ ಕಿಟಕಿ ಪಕ್ಕ ನಿಂತ ಕೂಡಲೇ ಮೊದಲ ಬೆಂಚು ಹದಿನೇಳರ ಮಗ್ಗಿ ಶುರುಮಾಡಿತು, ಎರಡನೆಯದು ಕೆಮ್ಮಿತು, ನಾನು ನನ್ನ ಮೊಬೈಲಿನ ಬಳಕೆಯ ಷರತ್ತುಗಳನ್ನು ಮೊಟ್ಟಮೊದಲ ಬಾರಿಗೆ ಪೂರ್ತಿ ಓದಿದೆ. ತಾವು ಪರಮ ಸಂತೋಷದಿಂದ ನಲವತ್ತೊಂಬತ್ತು ನಿಮಿಷ ಬರೆದುಕೊಂಡು ಹಸಿರು ದೀಪ ಹಚ್ಚಿದಿರಿ. ಬಫರಿಂಗ್ ಮಾತ್ರ ಎದ್ದು ನಿಂತು, “ಲೋ, ಸುಮ್ನಿರ್ರೋ, ತಲೆಗೇ ಹೋಗ್ತಿಲ್ಲ” ಎಂದು ಕೂತುಬಿಟ್ಟ. ಆ ದಿನ ಯಾರೂ ಉತ್ತರ ಹೇಳಲಿಲ್ಲ.

ಮರುದಿನ ಮೇಡಂ ಬಂದವರೇ ಕುರ್ಚಿ ಹತ್ತಿ ತಮ್ಮ ವೈರು ಕಿತ್ತರು. “ನನ್ನ ಉಳ್ಸೋದು ಆಮೇಲೆ. ಮೊದ್ಲು ಲೆಕ್ಕ ಮಾಡಿ” ಎಂದು ಪ್ರಶ್ನೆ ಬರೆದು, ಐದೂವರೆ ನಿಮಿಷ ಕಾದರು. ತಾವು ಕೇಳಿಸಿಕೊಳ್ಳದ ಆ ಪಾಠಕ್ಕೆ ಪೋರ್ಟಲ್‌ನಲ್ಲಿ ಬಿದ್ದ ಅಂಕಿ ಸೊನ್ನೆ. ಅವತ್ತು ಉತ್ತರ ಹೇಳಿದವಳು ನಾನು, ಎರಡು ವರ್ಷದಲ್ಲಿ ಮೊದಲ ಸಲ.

ಆದ್ದರಿಂದ ತಾವು ದಯಮಾಡಿ ಈವರೆಗೆ ಕತ್ತರಿಸಿದ ಖಾಲಿಯನ್ನೆಲ್ಲ ಒಂದು ಚೀಲದಲ್ಲಿ ತುಂಬಿ, ತೂಕ ಮಾಡಿಸಿ, ಸೋಮವಾರದೊಳಗೆ ಸಭೆಗೆ ತಲುಪಿಸಬೇಕು. ಅದು ಆಗದಿದ್ದರೆ ನಾವು ನಲವತ್ತಮೂರು ಜನ ಸಭೆಯ ಬಾಗಿಲಲ್ಲಿ, ಸಭೆಯವರು ಯೋಚಿಸಿ ಮುಗಿಸುವವರೆಗೆ, ತುಟಿಪಿಟಕ್ಕೆನ್ನದೆ ನಿಂತಿರುತ್ತೇವೆ. ಆತುರ ಏನಿಲ್ಲ.

ತಮ್ಮ ವೈರನ್ನು ಇನ್ನೂ ಮರಳಿ ಸಿಕ್ಕಿಸದ ವಿಶ್ವಾಸಿ,
ಮೇಡಂ ಫ್ಯಾನ್ಸ್ ಗ್ರೂಪಿನ ಅಡ್ಮಿನ್

ತಾ.ಕ.: ತಮ್ಮ ಉದ್ಘಾಟನೆಯ ದಿನ ಕುಲಪತಿಗಳು ಮಾಡಿದ ಐವತ್ತೆರಡು ನಿಮಿಷದ ಭಾಷಣ ಪೋರ್ಟಲ್‌ನಲ್ಲಿದೆ. ತಾವು ಅದರಲ್ಲಿ ಒಂದು ಕ್ಷಣವನ್ನೂ ಖಾಲಿ ಎಂದು ಗುರುತಿಸಿಲ್ಲ. ತಮ್ಮ ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ.